ಬಿಡಿ ಬೆಳ್ಳಿ ಪದಕ ಮತ್ತು ಹಳೆಯ ಮಣಿಗಳ ಕೊರಳಸರ: ಚಿಕ್ಕಬಳ್ಳಾಪುರ ಸೀಮೆ

ಬೇರೆ ಬೇರೆ ಕಾಲ, ಊರು ಮತ್ತು ಸಮುದಾಯಗಳಿಗೆ ಸೇರಿದ ಬೆಳ್ಳಿಯ ಪದಕ, ಬಿಲ್ಲೆ, ತಾಯಿತ, ನಾಣ್ಯಗಳನ್ನು ಒಂದೊಂದಾಗಿ ಕೂಡಿಸಿಕೊಂಡು, ಅವುಗಳಿಗೆ ಹೊಂದುವ ಗಾಜು, ಕಲ್ಲು, ಹವಳದ ಹಳೆಯ ಮಣಿಗಳ ಜೊತೆ ಪೋಣಿಸಿ, ಧರಿಸುವವರ ಮೈಕಟ್ಟಿಗೂ ಅಭಿರುಚಿಗೂ ಒಪ್ಪುವಂತೆ ಕಟ್ಟಿಕೊಳ್ಳುವ ಕೊರಳಿನ ಆಭರಣವು ಈ ಲೇಖನದ ವಿಷಯ. ಅಕ್ಕಸಾಲಿಗನು ಒಂದೇ ನಕ್ಷೆಯಂತೆ ಒಂದೇ ಲೋಹದಲ್ಲಿ ಮಾಡಿಕೊಡುವ ಸರದಲ್ಲಿ ಬಿಡಿಭಾಗಗಳೆಲ್ಲ ಸರಕ್ಕಾಗಿಯೇ ಹುಟ್ಟಿದವು. ಸಂಗ್ರಹದ ಸರದಲ್ಲಾದರೋ ಬಿಡಿಭಾಗಗಳು ಸರಕ್ಕಿಂತ ಹಳೆಯವು, ಪ್ರತಿಯೊಂದಕ್ಕೂ ಬೇರೊಂದು ಕೊರಳಿನ, ಬೇರೊಂದು ಬಳಕೆಯ ಹಿನ್ನೆಲೆ ಇರುತ್ತದೆ. ಆದ್ದರಿಂದ ಇಲ್ಲಿ ಕಟ್ಟುವವರ ಕೆಲಸವು ಹೊಸದನ್ನು ಮಾಡುವುದಕ್ಕಿಂತ ಹೆಚ್ಚಾಗಿ ಇರುವುದನ್ನು ಆರಿಸುವುದು, ಗುರುತಿಸುವುದು ಮತ್ತು ಕೆಡದಂತೆ ಜೋಡಿಸುವುದು. ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟಗಳಲ್ಲಿ ಇದು ಹೆಸರಿರುವ ಪ್ರತ್ಯೇಕ ಕಸುಬಾಗಿ ನಿಂತಿಲ್ಲ. ಆದರೆ ಇದಕ್ಕೆ ಬೇಕಾದ ಅಕ್ಕಸಾಲಿಗರ ಕೈ, ಬಳೆ ಮತ್ತು ಮಣಿಯ ಅಂಗಡಿ, ರೇಷ್ಮೆಯ ನೂಲು, ಸೀರೆಯ ಕುಚ್ಚು ಕಟ್ಟುವ ಹೆಂಗಸರ ಬೆರಳಿನ ಅಭ್ಯಾಸ ಇವೆಲ್ಲ ಈ ಊರುಗಳಲ್ಲಿ ಅಕ್ಕಪಕ್ಕದಲ್ಲಿಯೇ ಇವೆ. ಬಿಡಿ ಬಿಡಿ ತುಣುಕುಗಳಿಂದ ಒಂದು ಕೊರಳಸರವನ್ನು ಕಾಲಕ್ರಮದಲ್ಲಿ ಬೆಳೆಸುವ ರೂಢಿಯೂ ಇಲ್ಲಿಗೆ ಹೊರಗಿನದಲ್ಲ.

ಈ ರೂಢಿಯ ಅತ್ಯಂತ ಪರಿಚಿತ ರೂಪವೆಂದರೆ ಮದುವೆಯಾದ ಹೆಣ್ಣಿನ ತಾಳಿಸರ. ಆಂಧ್ರಪ್ರದೇಶದ ಗಡಿಗೆ ಹೊಂದಿಕೊಂಡು, ಕನ್ನಡ ಮತ್ತು ತೆಲುಗು ಎರಡೂ ಮನೆಮಾತಾಗಿರುವ ಈ ಸೀಮೆಯ ಅನೇಕ ಸಮುದಾಯಗಳಲ್ಲಿ ತಾಳಿಯ ಬೊಟ್ಟುಗಳು ಎರಡಿರುತ್ತವೆ. ಒಂದು ತವರಿನಿಂದ ಬಂದದ್ದು, ಇನ್ನೊಂದು ಗಂಡನ ಮನೆಯವರು ಮಾಡಿಸಿದ್ದು. ಎರಡನ್ನೂ ಮದುವೆಯ ಹೊತ್ತಿಗೆ ಅರಿಸಿನ ಹಚ್ಚಿದ ದಾರದಲ್ಲಿ ಕಟ್ಟಿ, ಮುಂದೆ ಅನುಕೂಲವಾದಂತೆ ಅವುಗಳ ಆಚೀಚೆ ಗುಂಡು, ಹವಳ, ಲಕ್ಷ್ಮೀಕಾಸು, ತೆಲುಗು ಮನೆಗಳಲ್ಲಿ ನಲ್ಲಪೂಸಲು ಎಂದು ಕರೆಯುವ ಕರಿಮಣಿಗಳನ್ನು ಸೇರಿಸುತ್ತ ಹೋಗುತ್ತಾರೆ. ಮಳೆಬೆಳೆ ಚೆನ್ನಾದ ವರ್ಷ ಒಂದು ಜೊತೆ ಗುಂಡು ಬರುತ್ತದೆ, ಬರ ಬಿದ್ದ ವರ್ಷ ಅದು ಗಿರವಿ ಅಂಗಡಿಗೆ ಹೋಗುತ್ತದೆ. ದಾರ ಸವೆದಾಗ ಒಳ್ಳೆಯ ದಿನ ನೋಡಿ ಬದಲಿಸಲಾಗುತ್ತದೆ, ಆದರೆ ಬೊಟ್ಟುಗಳ ಸ್ಥಾನ ಬದಲಾಗುವುದಿಲ್ಲ. ನಡುವಿನಲ್ಲಿ ಅರ್ಥವುಳ್ಳ ಪದಕ, ಅದರ ಎರಡೂ ಕಡೆ ಸಮತೂಕದ ಮಣಿಗಳು, ಹಿಂಭಾಗದಲ್ಲಿ ಸರಳವಾದ ಎಳೆ, ಕಾಲಕಾಲಕ್ಕೆ ಬಿಚ್ಚಿ ಮತ್ತೆ ಪೋಣಿಸುವ ಶಿಸ್ತು ಎಂಬ ತಾಳಿಸರದ ಈ ನಿಯಮಗಳೇ ಸಂಗ್ರಹದ ಸರದ ನಿಯಮಗಳೂ ಹೌದು. ನಂದಿಯ ಭೋಗನಂದೀಶ್ವರ ದೇವಾಲಯ ಸಮುಚ್ಚಯದ ಕಲ್ಯಾಣಮಂಟಪದ ಕಪ್ಪುಕಲ್ಲಿನ ಕಂಬಗಳಲ್ಲಿ ಕೆತ್ತಿರುವ ದೈವ ದಂಪತಿಗಳ ಕೊರಳುಗಳನ್ನು ಹತ್ತಿರದಿಂದ ನೋಡುವವರಿಗೆ, ಸರದ ಭಾರವನ್ನು ಎದೆಯ ನಡುವಿಗೆ ತರುವ ಈ ವಿನ್ಯಾಸದ ಹಳಮೆ ಮನದಟ್ಟಾಗುತ್ತದೆ.

ಈ ಸೀಮೆಯಲ್ಲಿ ಬಂಗಾರವು ಉಳ್ಳವರ ಲೋಹವಾಗಿದ್ದರೆ, ಬೆಳ್ಳಿಯು ಒಕ್ಕಲು ಮಕ್ಕಳ, ಕೂಲಿಯವರ, ಕುರಿಗಾಹಿಗಳ ಲೋಹವಾಗಿತ್ತು. ಗಂಡಸರ ಉಡಿದಾರ, ಹೆಂಗಸರ ಕಾಲ್ಕಡಗ, ಕಾಲುಂಗುರ ಮತ್ತು ಡಾಬು, ಮಕ್ಕಳ ಬಳೆ, ಗೆಜ್ಜೆ, ತಾಯಿತಗಳು ಬೆಳ್ಳಿಯಲ್ಲಿಯೇ ಆಗುತ್ತಿದ್ದವು. ಮರಾಠ ಮುಖಂಡ ಚಿಂತಾಮಣಿ ರಾವ್ ಅವರ ಹೆಸರನ್ನು ಹೊತ್ತ ಚಿಂತಾಮಣಿಯು ವರ್ತಕರ ಪಟ್ಟಣವಾಗಿ ಬೆಳೆದದ್ದು. ಅಲ್ಲಿನ ವೈಶ್ಯ ವರ್ತಕರು ನಡೆಸುತ್ತಿದ್ದ ಚಿನ್ನ, ಬೆಳ್ಳಿ ಮತ್ತು ರತ್ನಗಳ ವ್ಯಾಪಾರವನ್ನು ಬ್ರಿಟಿಷರ ಕಾಲದ ಗೆಜೆಟಿಯರುಗಳು ಹೆಸರಿಸುತ್ತವೆ. ಹಳ್ಳಿಯ ಅಕ್ಕಸಾಲಿಗರಿಗೆ ಬೆಳ್ಳಿಯ ಮೂಲ ಬಹುಮಟ್ಟಿಗೆ ನಾಣ್ಯವೇ ಆಗಿತ್ತು. 1835ರಿಂದ ಏಕರೂಪವಾಗಿ ಟಂಕಿಸಲಾದ ರೂಪಾಯಿ 11.66 ಗ್ರಾಂ, ಅಂದರೆ ಸರಿಯಾಗಿ ಒಂದು ತೊಲ ತೂಗುತ್ತಿದ್ದು, ಅದರಲ್ಲಿ ಶೇ. 91.67ರಷ್ಟು ಬೆಳ್ಳಿ ಇರುತ್ತಿತ್ತು. ಹೀಗಾಗಿ ಇಷ್ಟು ರೂಪಾಯಿ ಕೊಟ್ಟು ಇಷ್ಟೇ ತೂಕದ ಒಡವೆ ಪಡೆಯುವ ಲೆಕ್ಕವು ಓದು ಬಾರದವರಿಗೂ ತಿಳಿಯುತ್ತಿತ್ತು. ಎರಡನೆಯ ಮಹಾಯುದ್ಧದ ಕಾಲದಲ್ಲಿ, 1940ರಿಂದ, ರೂಪಾಯಿಯ ಬೆಳ್ಳಿಯನ್ನು ಶೇ. 50ಕ್ಕೆ ಇಳಿಸಲಾಯಿತು, 1947ರಲ್ಲಿ ಅದು ನಿಕ್ಕಲ್ಲಿನ ನಾಣ್ಯವಾಯಿತು. ನಾಣ್ಯಕ್ಕೆ ಕುಣಿಕೆ ಹಾಕಿಸಿ ಮಾಡಿದ ಹಳೆಯ ಪದಕವನ್ನು ಕೊಳ್ಳುವವರು ಅದರ ಮೇಲಿನ ಇಸವಿಯನ್ನು ಮೊದಲು ನೋಡುವುದು ಈ ಕಾರಣಕ್ಕೆ.

ಸ್ಥಳೀಯವಾಗಿ ದೊರೆಯುವ ಪದಕಗಳಲ್ಲಿ ತಾಯಿತವು ಮುಖ್ಯವಾದುದು. ಅದು ಎರಡು ತುದಿಗಳಲ್ಲಿ ಮುಚ್ಚಳವಿರುವ ಉರುಟಾದ ಅಥವಾ ಆರು ಮೂಲೆಯ ಕೊಳವೆ. ಒಳಗೆ ಮಂತ್ರ ಬರೆದ ತಗಡು, ಭಸ್ಮ ಅಥವಾ ಬೇರಿನ ತುಂಡು, ಮೇಲೆ ದಾರ ಹಾಯಲು ಎರಡು ಅಥವಾ ಮೂರು ಕುಣಿಕೆಗಳು. ಅಡ್ಡಲಾಗಿ ಮಲಗುವ ಈ ಆಕಾರವು ಕೊರಳಸರದ ನಡುವಿಗೆ ಬಹಳ ಒಪ್ಪುತ್ತದೆ, ಏಕೆಂದರೆ ಹಲವು ಕುಣಿಕೆಗಳಿರುವುದರಿಂದ ಪದಕವು ತಿರುಗಿ ಮಗುಚಿಕೊಳ್ಳುವುದಿಲ್ಲ. ಮಕ್ಕಳ ಉಡಿದಾರಕ್ಕೆ ಕಟ್ಟುತ್ತಿದ್ದ ಅರಳೆಲೆ, ಅಂದರೆ ಅಶ್ವತ್ಥದ ಎಲೆಯ ಆಕಾರದ ಪುಟ್ಟ ಬಿಲ್ಲೆ, ಹಾರದ ಇಕ್ಕೆಲಗಳಲ್ಲಿ ಜೊತೆಯಾಗಿ ನಿಲ್ಲುವಂಥದು. ಲಿಂಗಾಯತರು ಇಷ್ಟಲಿಂಗವನ್ನು ಇಟ್ಟುಕೊಳ್ಳುವ ಬೆಳ್ಳಿಯ ಕರಡಿಗೆಯು ತನ್ನ ಗುಂಡನೆಯ ಮೈ, ಎರಡು ಬದಿಯ ಮೊನಚು ಮತ್ತು ತೆರೆಯುವ ಮುಚ್ಚಳದಿಂದ ಕರ್ನಾಟಕದ ಬೆಳ್ಳಿ ಕೆಲಸದ ಅತಿ ಚೆಲುವಾದ ರೂಪಗಳಲ್ಲೊಂದು. ಆದರೆ ಅದು ಒಡವೆಯಲ್ಲ, ಪೂಜೆಯ ಸಾಧನ. ಮನೆತನದ ಕರಡಿಗೆಯನ್ನು ಆ ಮನೆಯವರೇ ಧರಿಸುವುದು ಯೋಗ್ಯವಾದರೂ, ಹೊರಗಿನವರು ಅದನ್ನು ಬರಿಯ ಅಲಂಕಾರಕ್ಕೆ ತೂಗುಹಾಕಿಕೊಳ್ಳುವುದು ಸಲ್ಲದು. ಸಾವಿರಾರು ನಾಗರಕಲ್ಲುಗಳಿರುವ ಗೌರಿಬಿದನೂರು ತಾಲ್ಲೂಕಿನ ವಿದುರಾಶ್ವತ್ಥದಂತಹ ನಾಗಪೂಜೆಯ ಕ್ಷೇತ್ರಗಳಲ್ಲಿ ಹರಕೆಗೆ ಒಪ್ಪಿಸುವ ತೆಳು ತಗಡಿನ ಬೆಳ್ಳಿ ನಾಗರಗಳ ವಿಷಯದಲ್ಲಿಯೂ ಇದೇ ಎಚ್ಚರ ಬೇಕು: ಒಪ್ಪಿಸಿದ್ದು ದೇವರದು, ಅಂಗಡಿಯಲ್ಲಿ ಹೊಸದಾಗಿ ಕೊಂಡದ್ದು ಕೊಂಡವರದು.

ಆಂಧ್ರದ ಗಡಿಯ ಎರಡೂ ಬದಿಯ ತಾಂಡಾಗಳಲ್ಲಿ ನೆಲೆಸಿರುವ ಸುಗಾಲಿಗಳ, ಅಂದರೆ ಲಂಬಾಣಿಗರ ಬೆಳ್ಳಿಯದು ಬೇರೆಯೇ ಬಗೆ. ಕೊರಳಿಗೆ ಬಿಗಿಯಾಗಿ ಕೂರುವ ಗಟ್ಟಿ ಬಳೆಯಂತಹ ಹಾಂಸಲಿ, ಕೆನ್ನೆಯ ಪಕ್ಕದ ಕೂದಲಿಗೆ ಸಿಕ್ಕಿಸಿ ಇಳಿಬಿಡುವ ಘುಗರಿ, ನಾಣ್ಯಗಳ ಸಾಲು, ಕವಡೆ ಮತ್ತು ಬಣ್ಣದ ಗಾಜುಮಣಿಗಳ ಹೆಣಿಗೆ ಇವೆಲ್ಲ ಮೈಮೇಲೆ ಹೊತ್ತು ನಡೆಯುವ ಆಸ್ತಿಯಾಗಿದ್ದವು. ಘುಗರಿಯ ತುದಿಯಲ್ಲಿ ತೂಗುವ ಪುಟ್ಟ ಗೆಜ್ಜೆಗಳು ಮುರಿದ ಸ್ಥಿತಿಯಲ್ಲಿ ಬಿಡಿಯಾಗಿ ಮಾರಾಟಕ್ಕೆ ಬರುತ್ತವೆ. ಅಂತಹ ಬಿಡಿ ತುಣುಕನ್ನು ಸರಕ್ಕೆ ಬಳಸುವುದರಲ್ಲಿ ತಪ್ಪಿಲ್ಲ. ಇಡೀ ಜೊತೆಯನ್ನು ಕೊಂಡು ಮನೆಯಲ್ಲಿ ಕತ್ತರಿಸುವುದು ಮಾತ್ರ ಒಂದು ಸಮುದಾಯದ ಕೈಬರಹವನ್ನು ಹರಿದಂತೆ.

ಹೊರಗಿನಿಂದ ಬರುವ ಪದಕಗಳನ್ನು ಇಲ್ಲಿ ಸಂಕ್ಷೇಪವಾಗಿ ಹೇಳಿದರೆ ಸಾಕು. ರಾಜಸ್ಥಾನದ ಕುದುರೆ ಸವಾರನ ಅಚ್ಚಿನ ವೀರಪದಕಗಳು, ಹಿಮಾಚಲದ ಕಾಂಗ್ರಾ ಮತ್ತು ಮಂಡಿಗಳ ನೀಲಿ, ಹಸಿರು ಮೀನಾ ಬಿಲ್ಲೆಗಳು, ಟಿಬೆಟಿಯನ್ನರ ಗಾವು ಎಂಬ ಪುಟ್ಟ ಪೆಟ್ಟಿಗೆಯಾಕಾರದ ತಾಯಿತಗಳು ಬೆಂಗಳೂರಿನ ಮೂಲಕ ದೊರೆಯುತ್ತವೆ. ಕೊನೆಯವು 1961ರಿಂದ ನೆಲೆಗೊಂಡ ಬೈಲಕುಪ್ಪೆಯ ಟಿಬೆಟಿಯನ್ ವಸತಿಯಿಂದಾಗಿ ಕರ್ನಾಟಕಕ್ಕೆ ಪರಿಚಿತವಾಗಿವೆ. ಅಫ್ಘಾನಿಸ್ತಾನದ ಅಲೆಮಾರಿಗಳ ಬಣ್ಣದ ಗಾಜು ಕೂರಿಸಿದ ದೊಡ್ಡ ಪದಕಗಳು ನೋಟಕ್ಕೆ ಗಂಭೀರವಾಗಿದ್ದರೂ ಬಹುಪಾಲು ಜರ್ಮನ್ ಸಿಲ್ವರಿನವು, ಅಂದರೆ ತಾಮ್ರ, ಸತು, ನಿಕ್ಕಲ್ ಸೇರಿದ, ಬೆಳ್ಳಿಯ ಅಂಶವೇ ಇಲ್ಲದ ಮಿಶ್ರಲೋಹದವು; ನಿಕ್ಕಲ್ ಒಗ್ಗದ ಚರ್ಮದವರಿಗೆ ಅವು ತುರಿಕೆ ತರುತ್ತವೆ. ಇಥಿಯೋಪಿಯ ಮತ್ತು ಯೆಮೆನ್‌ಗಳ ಬೆಳ್ಳಿ ಕೆಲಸಕ್ಕೆ ಕಚ್ಚಾವಸ್ತುವಾಗಿದ್ದ ಮರಿಯಾ ತೆರೇಸಾ ನಾಣ್ಯವು 28 ಗ್ರಾಂ ತೂಗುತ್ತದೆ, ಶೇ. 83.3ರಷ್ಟು ಬೆಳ್ಳಿಯದು, ಯಾವ ವರ್ಷ ಟಂಕಿಸಿದರೂ ಅದರ ಮೇಲೆ 1780 ಎಂಬ ಇಸವಿಯೇ ಇರುತ್ತದೆ. ನಮ್ಮ ರೂಪಾಯಿ ಇಲ್ಲಿನ ಅಕ್ಕಸಾಲಿಗರಿಗೆ ಒದಗಿದಂತೆ ಅದು ಅಲ್ಲಿನವರಿಗೆ ಒದಗಿತು.

ಮಣಿಗಳ ಕಥೆ ಪದಕಗಳದ್ದಕ್ಕಿಂತ ಹಳೆಯದು, ಮತ್ತು ಈ ಸೀಮೆಯ ಮಟ್ಟಿಗೆ ಹೆಚ್ಚು ಹತ್ತಿರದ್ದು. ಮಸ್ಕಿ, ಬ್ರಹ್ಮಗಿರಿಗಳ ಉತ್ಖನನಗಳಲ್ಲಿ ಕಲ್ಲು, ಗಾಜು, ಚಿಪ್ಪಿನ ಮಣಿಗಳು ದೊರೆತಿದ್ದು, ಕರ್ನಾಟಕದ ಜನ ಎರಡು ಸಾವಿರ ವರ್ಷಗಳಿಗೂ ಹಿಂದೆಯೇ ದೂರದ ಮಣಿಗಳನ್ನು ತರಿಸಿಕೊಳ್ಳುತ್ತಿದ್ದರೆಂಬುದಕ್ಕೆ ಅವು ಸಾಕ್ಷಿ. ಕೆಂಪು, ಹಳದಿ, ಹಸಿರು, ಕಪ್ಪು ಬಣ್ಣದ, ಸಾಮಾನ್ಯವಾಗಿ ಆರು ಮಿಲಿಮೀಟರ್ ಮೀರದ ಪುಟ್ಟ ಗಾಜುಮಣಿಗಳನ್ನು ವಿದ್ವಾಂಸರು ಇಂಡೋ-ಪೆಸಿಫಿಕ್ ಮಣಿಗಳೆನ್ನುತ್ತಾರೆ. ಪುದುಚೇರಿಯ ಬಳಿಯ ಅರಿಕಮೇಡು ಅವುಗಳ ಪ್ರಾಚೀನ ತಯಾರಿಕೆಯ ನೆಲೆಗಳಲ್ಲೊಂದು, ಆಫ್ರಿಕದ ಪೂರ್ವ ಕರಾವಳಿಯಿಂದ ಆಗ್ನೇಯ ಏಷ್ಯದವರೆಗೆ ಅವು ಸಿಕ್ಕಿವೆ. ಅದೇ ವಿಧಾನದ ಕುಲುಮೆಗಳು ಚಿಂತಾಮಣಿಯಿಂದ ಪೂರ್ವಕ್ಕೆ, ತಿರುಪತಿಯ ಆಚೆ, ಪಾಪನಾಯುಡುಪೇಟೆಯಲ್ಲಿ ಇಪ್ಪತ್ತನೆಯ ಶತಮಾನದಲ್ಲಿಯೂ ಉರಿಯುತ್ತಿದ್ದವು ಎಂಬುದು ಮಣಿ ಸಂಶೋಧಕ ಪೀಟರ್ ಫ್ರಾನ್ಸಿಸ್ ಅವರ ಕೆಲಸದಿಂದ ಜಗತ್ತಿಗೆ ತಿಳಿಯಿತು. ಅಲ್ಲಿ ಕರಗಿದ ಗಾಜಿನ ಮುದ್ದೆಯನ್ನು ಲಾಡ ಎಂಬ ಟೊಳ್ಳು ಕಬ್ಬಿಣದ ಕೊಳವೆಗೆ ಅಂಟಿಸಿ, ನಡುವೆ ತೂತು ಉಳಿಯುವಂತೆ ಮಾಡಿ, ಕುಲುಮೆಯ ಬಾಯಿಂದ ಉದ್ದನೆಯ ತೆಳು ನಳಿಗೆಯಾಗಿ ಎಳೆಯುತ್ತಾರೆ. ನಳಿಗೆಯನ್ನು ತುಂಡರಿಸಿ, ತೂತು ಮುಚ್ಚಿಹೋಗದಂತೆ ಬೂದಿಯಲ್ಲಿ ಬೆರೆಸಿ ಮತ್ತೆ ಕಾಯಿಸಿ ಕಲಕಿದಾಗ ಅಂಚುಗಳು ಉರುಟಾಗುತ್ತವೆ. ಗಡಿಸೀಮೆಯ ಸಂತೆ, ಜಾತ್ರೆಗಳಲ್ಲಿ ಮಣಿಗಳು ಬಳೆಗಾರರ ಮಲಾರದ ಜೊತೆಯಲ್ಲಿಯೇ ಸಾಗುತ್ತಿದ್ದವು. ಚಿಂತಾಮಣಿ ತಾಲ್ಲೂಕಿನ ಕೈವಾರದ ತಾತಯ್ಯ, ಯೋಗಿ ನಾರೇಯಣರೂ ಬಳೆ ವ್ಯಾಪಾರದ ಮನೆತನದವರೆಂದು ಪ್ರತೀತಿಯಿದೆ.

ಎಳೆದು ಮಾಡಿದ ಮಣಿಯನ್ನು ಸುತ್ತಿ ಮಾಡಿದ ಮಣಿಯಿಂದ ಬೇರ್ಪಡಿಸಲು ಹತ್ತು ಪಟ್ಟು ಹಿಗ್ಗಿಸುವ ಕೈಮಸೂರ ಸಾಕು. ಮಣಿಯನ್ನು ಬೆಳಕಿಗೆ ಹಿಡಿದಾಗ ಗಾಜಿನೊಳಗಿನ ಗಾಳಿಗುಳ್ಳೆಗಳು ತೂತಿನ ದಿಕ್ಕಿಗೆ ಸಮಾನಾಂತರವಾಗಿ, ಸಣ್ಣ ಗೀರುಗಳಂತೆ ಉದ್ದವಾಗಿ ಕಂಡರೆ ಅದು ಎಳೆದ ಮಣಿ. ಗುಳ್ಳೆಗಳೂ ಗಾಜಿನ ಪದರಗಳೂ ತೂತನ್ನು ಬಳಸಿ ಉಂಗುರದಂತೆ ಸುತ್ತಿದ್ದರೆ ಅದು ಕಬ್ಬಿಣದ ಕಡ್ಡಿಗೆ ಕರಗಿದ ಗಾಜನ್ನು ಸುತ್ತಿ ಮಾಡಿದ ಮಣಿ. ಹೊಟ್ಟೆಯ ಸುತ್ತ ತೆಳುವಾದ ಏರುಗೆರೆ ಇದ್ದರೆ ಅದು ಅಚ್ಚಿನಲ್ಲಿ ಒತ್ತಿದ್ದು, ಬಹುಶಃ ಇಂದಿನ ಚೆಕ್ ದೇಶದ ಯಾಬ್ಲೊನೆಟ್ಸ್ ಪ್ರದೇಶದಿಂದ ಬಂದದ್ದು. ಹಳೆಯ ಮಣಿಯ ತೂತಿನ ಅಂಚನ್ನು ನೋಡಿದರೆ, ಪಕ್ಕದ ಮಣಿಯೊಡನೆ ವರ್ಷಗಟ್ಟಲೆ ಉಜ್ಜಿದ ಕಡೆ ಹೊಳಪು ಕಳೆದು ಚಪ್ಪಟೆಯಾಗಿರುತ್ತದೆ, ಹೊಟ್ಟೆಯ ಭಾಗ ಮಾತ್ರ ಮಿನುಗುತ್ತಿರುತ್ತದೆ. ಮೈಯೆಲ್ಲ ಒಂದೇ ಸಮನೆ ಮಂಕಾದ ಮಣಿ ಆಮ್ಲದಲ್ಲಿ ಅದ್ದಿ ಹಳತು ಮಾಡಿದ್ದಿರಬಹುದು. ಒಳಗೆ ಬಿಳಿ, ಹೊರಗೆ ಕೆಂಪು ಪದರವಿರುವ ಮಣಿಗಳು ಮತ್ತು ಪದರ ಪದರವಾದ ನಕ್ಷತ್ರದ ಅಡ್ಡಸೀಳು ಕಾಣುವ ಮಣಿಗಳು ಬಹುಮಟ್ಟಿಗೆ ವೆನಿಸ್ಸಿನವು. ಯುರೋಪಿನ ವ್ಯಾಪಾರಿಗಳು ಅವನ್ನು ಆಫ್ರಿಕ, ಏಷ್ಯ, ಅಮೆರಿಕಗಳಿಗೆಲ್ಲ ಹರಡಿದರು.

ಕಲ್ಲಿನ ಮಣಿಗಳಲ್ಲಿ ಕಾರ್ನೀಲಿಯನ್ ಎಂಬ ಕೆಂಪು ಅಕೀಕಿಗೆ ಸಮನಾದುದು ಇಲ್ಲ. ಗುಜರಾತಿನ ರತನ್‌ಪುರದ ಗಣಿಗಳಿಂದ ಬರುವ ಮಬ್ಬು ಕಲ್ಲನ್ನು ಖಂಭಾತದ ಕುಶಲಿಗಳು ಮಡಕೆಯಲ್ಲಿಟ್ಟು ಬೆರಣಿಯ ಉರಿಯಲ್ಲಿ ಕಾಯಿಸುತ್ತಾರೆ. ಕಲ್ಲಿನೊಳಗಿನ ಕಬ್ಬಿಣದ ಅಂಶ ಶಾಖಕ್ಕೆ ಕೆಂಪಾಗುತ್ತದೆ. ಬಳಿಕ ನೆಲದಲ್ಲಿ ನೆಟ್ಟ ಕಬ್ಬಿಣದ ಮೊಳೆಗೆ ಒತ್ತಿಹಿಡಿದು ಕೋಣನ ಕೊಂಬಿನ ಸುತ್ತಿಗೆಯಿಂದ ಚೆತ್ತಿ, ವಜ್ರದ ಮೊನೆಯ ಬೈರಿಗೆಯಿಂದ ಎರಡೂ ತುದಿಗಳಿಂದ ಕೊರೆಯುತ್ತಾರೆ. ಎರಡು ಕಡೆಯ ಕೊರೆತಗಳು ನಡುವೆ ಸಂಧಿಸುವಲ್ಲಿ ಉಳಿಯುವ ಚೂಪು ಮೆಟ್ಟಿಲು ದಾರವನ್ನು ಕತ್ತರಿಸುತ್ತದೆ. ಕಲ್ಲಿನ ಮಣಿಯ ಸರಗಳು ಮತ್ತೆ ಮತ್ತೆ ಹರಿಯುವುದಕ್ಕೆ ಇದೇ ಕಾರಣ. ಹವಳವು ಮೆಡಿಟರೇನಿಯನ್ ಸಮುದ್ರದಿಂದ ಬಂದದ್ದು, ಸುಣ್ಣದ ಜಾತಿಗೆ ಸೇರಿದ್ದರಿಂದ ಹುಳಿಗೆ ತೀರ ದುರ್ಬಲ. ಅಂಬರ್ ಎಂದು ಮಾರುವ ಹಳದಿ ಮಣಿಗಳಲ್ಲಿ ಹಲವು 1907ರ ನಂತರ ಬಳಕೆಗೆ ಬಂದ ಬೇಕಲೈಟಿನಂತಹ ರಾಳಗಳವು. ಉಪ್ಪು ಇನ್ನು ಕರಗದಷ್ಟು ಬೆರೆಸಿದ ನೀರಿನಲ್ಲಿ ನಿಜವಾದ ಅಂಬರ್ ತೇಲುತ್ತದೆ, ಬೇಕಲೈಟ್ ಮುಳುಗುತ್ತದೆ. ಗುಲಗಂಜಿಯ ಬೀಜಗಳನ್ನು ಮಣಿಯಾಗಿ ಬಳಸುವ ಆಸೆ ಹಲವರಿಗಿದ್ದರೂ ಅದನ್ನು ಬಿಡುವುದೇ ಲೇಸು. ತೂತು ಕೊರೆದಾಗ ಹೊರಬೀಳುವ ಅದರ ತಿರುಳು ಕಡುವಿಷ.

ಬೆಳ್ಳಿಯ ಪರೀಕ್ಷೆಗೆ ಒರೆಗಲ್ಲು ಇಂದಿಗೂ ಮೊದಲ ಸಾಧನ. ಭಾರತೀಯ ಮಾನಕ ಬ್ಯೂರೋ ಬೆಳ್ಳಿಯ ಒಡವೆಗಳಿಗೆ 800, 835, 925, 970, 990 ಮುಂತಾದ ದರ್ಜೆಗಳನ್ನು ಗೊತ್ತುಮಾಡಿದೆ. ಸಾವಿರ ಪಾಲಿನಲ್ಲಿ ಅಷ್ಟು ಪಾಲು ಬೆಳ್ಳಿ ಎಂದು ಆ ಅಂಕಿಯ ಅರ್ಥ. ಹಳೆಯ ಒಡವೆಗಳಲ್ಲಿ ಮುದ್ರೆ ಇರುವುದಿಲ್ಲವಾದ್ದರಿಂದ ಅವುಗಳ ಸವೆತವನ್ನೇ ಓದಬೇಕಾಗುತ್ತದೆ. ನಿಜವಾಗಿ ಧರಿಸಿದ ಪದಕದಲ್ಲಿ ಕುಣಿಕೆಯ ಒಳಗಿನ ಮೇಲ್ಭಾಗ ದಾರದ ಉಜ್ಜಾಟಕ್ಕೆ ತೆಳುವಾಗಿ, ಕೆಲವೊಮ್ಮೆ ಕಾಗದದಷ್ಟು ಸವೆದಿರುತ್ತದೆ. ಹಿಂಬದಿ ಬಟ್ಟೆಗೂ ಎದೆಗೂ ತಾಗಿ ನುಣುಪಾಗಿರುತ್ತದೆ. ಮುಂಬದಿಯ ತಗ್ಗುಗಳಲ್ಲಿ ಕರಿ ಕೂತಿರುತ್ತದೆ. ಕುಣಿಕೆ ಹೊಸದಾಗಿದ್ದು ಮುಖ ಮಾತ್ರ ಸವೆದಿದ್ದರೆ ಅನುಮಾನ ಪಡಬೇಕು. ಟೊಳ್ಳು ಗುಂಡು, ಬಿಲ್ಲೆಗಳ ಒಳಗೆ ತಗ್ಗಾಗದಿರಲೆಂದು ಅರಗು ತುಂಬಿರುತ್ತಾರೆ. ಇಂತಹ ಪದಕವನ್ನು ಬೆಸುಗೆಗೆಂದು ಬೆಂಕಿಗೆ ಹಿಡಿದರೆ ಅರಗು ಕುದಿದು ತಗಡನ್ನೇ ಸೀಳುತ್ತದೆ, ಬಿಸಿನೀರಿನಲ್ಲಿ ಅದ್ದಿದರೂ ಮೆತ್ತಗಾಗುತ್ತದೆ.

ಸರದ ಜೀವಾಳವಿರುವುದು ದಾರದಲ್ಲಿ, ಮತ್ತು ದಾರದ ವಿಷಯದಲ್ಲಿ ಈ ಸೀಮೆಗೆ ಇರುವ ಅನುಕೂಲ ಬೇರೆ ಕಡೆ ವಿರಳ. ಶಿಡ್ಲಘಟ್ಟದ ಸರ್ಕಾರಿ ರೇಷ್ಮೆಗೂಡಿನ ಮಾರುಕಟ್ಟೆ ರಾಮನಗರದ ಮಾರುಕಟ್ಟೆಯೊಡನೆ ಹೆಸರಿಸಲ್ಪಡುವಷ್ಟು ದೊಡ್ಡದು. ಊರಿನ ಗಲ್ಲಿಗಳಲ್ಲಿ ನೂಲು ಬಿಚ್ಚಾಣಿಕೆಯ ಘಟಕಗಳು ಒತ್ತೊತ್ತಾಗಿವೆ. ಬಿಸಿನೀರಿನಲ್ಲಿ ಬೆಂದ ಗೂಡುಗಳಿಂದ ಎಳೆಗಳನ್ನು ಹಿಡಿದು, ಹಲವು ಗೂಡುಗಳ ಎಳೆಗಳನ್ನು ಒಂದಾಗಿಸಿ ರಾಟೆಗೆ ಸುತ್ತಿದಾಗ ಬರುವುದು ಕಚ್ಚಾ ರೇಷ್ಮೆ. ಅದರ ದಪ್ಪವನ್ನು ಡೀನಿಯರ್ ಎಂಬ ಮಾನದಲ್ಲಿ, ಅಂದರೆ 9,000 ಮೀಟರ್ ನೂಲು ಎಷ್ಟು ಗ್ರಾಂ ತೂಗುತ್ತದೆ ಎಂಬ ಲೆಕ್ಕದಲ್ಲಿ ಹೇಳುತ್ತಾರೆ. ಸೀರೆಗೆ ಬಳಸುವ ಕಚ್ಚಾ ರೇಷ್ಮೆ ಸುಮಾರು 20 ಡೀನಿಯರಿನದು. ಒಂದೇ ಎಳೆ ಪದಕವನ್ನು ಹೊರಲಾರದು, ಆದರೆ ಅಂತಹ ನಲವತ್ತು ಎಳೆಗಳನ್ನು ಕೂಡಿಸಿ ಹುರಿಗೊಳಿಸಿದರೆ 800 ಡೀನಿಯರಿನ ದಾರವಾಗುತ್ತದೆ. ಒಳ್ಳೆಯ ರೇಷ್ಮೆ ಡೀನಿಯರಿಗೆ ಸುಮಾರು 4 ಗ್ರಾಂ ಎಳೆತವನ್ನು ತಡೆಯುವುದರಿಂದ ಈ ದಾರ ಮೂರು ಕಿಲೋಗ್ರಾಮಿಗೂ ಹೆಚ್ಚಿನ ಎಳೆತಕ್ಕೆ ಜಗ್ಗುವುದಿಲ್ಲ. ಆದರೂ ಅದರ ದಪ್ಪ ಅರ್ಧ ಮಿಲಿಮೀಟರಿಗಿಂತ ಕಡಿಮೆಯಾದ್ದರಿಂದ ಹಳೆಯ ಕರಿಮಣಿಯ ಸಣ್ಣ ತೂತಿನಲ್ಲೂ ಹಾಯುತ್ತದೆ. ಹತ್ತಿಯ ದಾರಕ್ಕೆ ಇಷ್ಟು ತೆಳುವಿನಲ್ಲಿ ಇಷ್ಟು ಬಲವಿಲ್ಲ. ನೈಲಾನ್ ಬಲವಾಗಿದ್ದರೂ ಗಂಟು ಜಾರುತ್ತದೆ. ಉಕ್ಕಿನ ತಂತಿಗೆ ಕವಚ ಹಾಕಿದ ಇಂದಿನ ಎಳೆಗಳು ಹರಿಯುವುದಿಲ್ಲ, ಆದರೆ ಹಾಗೆ ಹರಿಯದಿರುವುದೇ ಅವುಗಳ ದೋಷ: ಸರ ಎಲ್ಲಿಗಾದರೂ ಸಿಕ್ಕಿಕೊಂಡರೆ ರೇಷ್ಮೆ ತಾನು ಹರಿದು ಮಣಿಯನ್ನು ಉಳಿಸುತ್ತದೆ, ಉಕ್ಕು ತಾನುಳಿದು ಮಣಿಯನ್ನು ಸೀಳುತ್ತದೆ.

ರೇಷ್ಮೆಯ ಎಳೆಯ ಮೇಲೆ ಸೆರಿಸಿನ್ ಎಂಬ ಸಹಜವಾದ ಅಂಟು ಇರುತ್ತದೆ, ಕಚ್ಚಾ ನೂಲಿನ ತೂಕದಲ್ಲಿ ಐದನೆಯ ಒಂದು ಪಾಲಿಗೂ ಹೆಚ್ಚು ಅದೇ. ಸಾಬೂನಿನ ನೀರಿನಲ್ಲಿ ಕುದಿಸಿ ಅಂಟು ತೆಗೆದ ನೂಲು ಮೃದುವಾಗಿ, ಬಣ್ಣ ಹೀರಿ, ಹೊಳೆಯುತ್ತದೆ. ಹಾಗೆ ಬಣ್ಣ ಹಾಕಿದ ರೇಷ್ಮೆಯಲ್ಲಿ ಒಡವೆ ಪೋಣಿಸಿ, ಹೆಣೆದು, ಕುಚ್ಚು ಕಟ್ಟಿಕೊಡುವುದು ಕರ್ನಾಟಕದಲ್ಲಿ ಪಟವೇಗಾರರೆಂಬ, ಉತ್ತರ ಭಾರತದಲ್ಲಿ ಪಟವಾ ಎಂಬ ಸಮುದಾಯಗಳ ಕುಲಕಸುಬು. ಕುಶಲಿಯು ನೆಲದ ಮೇಲೆ ಕುಳಿತು, ದಾರದ ಒಂದು ತುದಿಯನ್ನು ಕಾಲಿನ ಹೆಬ್ಬೆರಳಿಗೆ ಸಿಕ್ಕಿಸಿ ಬಿಗಿಯಾಗಿಟ್ಟುಕೊಂಡು, ಎರಡೂ ಕೈಗಳಿಂದ ಸುತ್ತುತ್ತ, ಗಂಟಿಕ್ಕುತ್ತ ಹೋಗುತ್ತಾನೆ. ಸೂಜಿಯ ಬದಲು ದಾರದ ತುದಿಗೆ ಜೇನುಮೇಣ ಸವರಿ ಹುರಿಮಾಡಿ ಮೊನಚಾಗಿಸುವುದೂ ಉಂಟು. ಸರದ ಎರಡೂ ತುದಿಗಳಿಂದ ಹೊರಟ ರೇಷ್ಮೆಹುರಿಗಳ ಮೇಲೆ ಮೇಲೆಕೆಳಗೆ ಸರಿಯುವ ಜಾರುಗಂಟು ಈ ಕಸುಬಿನ ದೊಡ್ಡ ಜಾಣ್ಮೆ. ಅದರಿಂದ ಸರವನ್ನು ಕೊರಳಿಗೆ ಬಿಗಿಯಾಗಿಯೂ ಎದೆಯವರೆಗೆ ಇಳಿಯುವಂತೆಯೂ ಮಾಡಿಕೊಳ್ಳಬಹುದು, ಲೋಹದ ಕೊಂಡಿಯೇ ಬೇಕಾಗುವುದಿಲ್ಲ. ಚಿಕ್ಕಬಳ್ಳಾಪುರ ಸೀಮೆಯ ಪಟ್ಟಣಗಳಲ್ಲಿ ಹೆಂಗಸರು ಮನೆಯಲ್ಲೇ ಕುಳಿತು ಸೀರೆಯ ಸೆರಗಿಗೆ ಮಣಿ ಸೇರಿಸಿ ಹಾಕಿಕೊಡುವ ಕುಚ್ಚಿನ ಕೆಲಸಕ್ಕೂ ಈ ಕಸುಬಿಗೂ ಬೇಕಾದ ಕೈಚಳಕ ಬಹುತೇಕ ಒಂದೇ. ಆ ಕೈಗಳಿಗೆ ಸರ ಪೋಣಿಸುವ ಕೆಲಸ ದೊರೆಯಬೇಕು; ದೊರೆತರೆ ಅದು ಕುಚ್ಚಿಗಿಂತ ಹೆಚ್ಚು ಕೂಲಿ ಕೇಳಬಲ್ಲ ಕೆಲಸ.

ಜೋಡಣೆಯನ್ನು ಆರಂಭಿಸುವುದು ದಾರದಿಂದಲ್ಲ, ಮಣೆಯ ಮೇಲೆ ಹಾಸಿದ ಒರಟು ಬಟ್ಟೆಯಿಂದ. ನಡುವಿನ ಪದಕವನ್ನು ಇಟ್ಟು, ಎರಡೂ ಕಡೆಯ ತುಣುಕುಗಳನ್ನು ಕಣ್ಣಳತೆಗಿಂತ ತಕ್ಕಡಿಯ ಅಳತೆಯಲ್ಲಿ ಹೊಂದಿಸಬೇಕು. ಎರಡು ಬದಿಗಳ ನಡುವೆ ಕೆಲವೇ ಗ್ರಾಮುಗಳ ವ್ಯತ್ಯಾಸವಿದ್ದರೂ ಸರ ದಿನವಿಡೀ ಒಂದೇ ಕಡೆಗೆ ಸರಿಯುತ್ತಿರುತ್ತದೆ. ಉದಾಹರಣೆಗೆ ನಡುವೆ ಮೂರು ಕುಣಿಕೆಯ ತಾಯಿತ, ಅದರ ಎರಡೂ ಬದಿಗೆ ಒಂದೊಂದು ಬೆಳ್ಳಿ ರೂಪಾಯಿ, ಆಮೇಲೆ ಒಂದೊಂದು ಅರಳೆಲೆ, ಇವುಗಳ ನಡುವೆ ಕಾರ್ನೀಲಿಯನ್ ಮತ್ತು ಕರಿಮಣಿಯ ಗುಂಪುಗಳು ಇರುವ ಸರದಲ್ಲಿ ರೂಪಾಯಿಗಳದೇ 23 ಗ್ರಾಂ ಆಗುತ್ತದೆ. ಒಟ್ಟು ತೂಕ 150 ಗ್ರಾಂ ದಾಟಿದರೆ ಅದು ಹಬ್ಬದ ದಿನಕ್ಕೆ ಸರಿ, ದಿನಬಳಕೆಗೆ ಒದಗುವುದಿಲ್ಲ. ಗಡಸುತನವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಮೋಸ್ ಮಾಪಕದಲ್ಲಿ ಕಾರ್ನೀಲಿಯನ್ನಿನದು ಸುಮಾರು 7, ಗಾಜಿನದು 5.5, ಹವಳದ್ದು 3ರಿಂದ 4, ಬೆಳ್ಳಿಯದು 3ಕ್ಕೂ ಕಡಿಮೆ. ಹೀಗಾಗಿ ಕಲ್ಲಿನ ಮಣಿಯ ಪಕ್ಕಕ್ಕೆ ಹವಳವನ್ನಾಗಲಿ ತೆಳು ಬೆಳ್ಳಿಯನ್ನಾಗಲಿ ನೇರವಾಗಿ ಕೂರಿಸದೆ ನಡುವೆ ಗಂಟು ಅಥವಾ ಸಣ್ಣ ಗಾಜುಮಣಿ ಇಡುತ್ತಾರೆ. ಕೊರಳ ಹಿಂಭಾಗದ ಮೂರನೆಯ ಒಂದು ಪಾಲನ್ನು ಬರಿಯ ರೇಷ್ಮೆಹುರಿಯಾಗಿ ಬಿಟ್ಟರೆ ಕೂದಲು ಸಿಕ್ಕುವುದಿಲ್ಲ, ತೂಕವೂ ಉಳಿಯುತ್ತದೆ. ಬಣ್ಣಗಳ ವಿಷಯದಲ್ಲಿ ತಾಳಿಸರ ಕಲಿಸುವ ಪಾಠವೇ ಸಾಕು: ಕಪ್ಪು, ಹವಳದ ಕೆಂಪು ಮತ್ತು ಲೋಹದ ಹೊಳಪು ಈ ಮೂರೇ ಸೇರಿ ಮೈಬಣ್ಣ ಯಾವುದಿದ್ದರೂ ಒಪ್ಪುತ್ತವೆ. ಎಂಟು, ಹತ್ತು ಬಣ್ಣ ಸೇರಿದ ಸರದಲ್ಲಿ ಒಳ್ಳೆಯ ಪದಕವೂ ಕಳೆದುಹೋಗುತ್ತದೆ.

ಅಕ್ಕಸಾಲಿಗರ ನೆರವು ಬೇಕಾಗುವುದು ಸವೆದ ಕುಣಿಕೆಗೆ ಬಲ ಕೊಡಲು, ನಾಣ್ಯಕ್ಕೆ ಹಿಡಿಕೆ ಮಾಡಿಸಲು. ಬೆಳ್ಳಿ 961 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುವುದರಿಂದ ಬೆಸುಗೆಗೆ ಅದಕ್ಕಿಂತ ಕಡಿಮೆ ಶಾಖದಲ್ಲಿ ಹರಿಯುವ ಮಿಶ್ರಲೋಹವನ್ನು ಬಿಳಿಗಾರದೊಡನೆ ಬಳಸುತ್ತಾರೆ. ಸೀಸದ ಬೆಸುಗೆ ಅಗ್ಗವಾದರೂ ಅದನ್ನು ಹಳೆಯ ಬೆಳ್ಳಿಗೆ ಹಾಕಿಸಲೇಬಾರದು, ಏಕೆಂದರೆ ಮುಂದೆ ಕಾಯಿಸಿದಾಗ ಸೀಸವು ಬೆಳ್ಳಿಯನ್ನು ತಿಂದು ತೂತು ಮಾಡುತ್ತದೆ. ನಾಣ್ಯಕ್ಕೆ ನೇರವಾಗಿ ಬೆಸೆಯುವುದಕ್ಕಿಂತ ಅಂಚನ್ನು ಹಿಡಿಯುವ ಉಂಗುರದ ಚೌಕಟ್ಟಿನಲ್ಲಿ ಕೂರಿಸುವುದು ಉತ್ತಮ. ಬೇಕಾದಾಗ ನಾಣ್ಯವನ್ನು ಹಾಗೆಯೇ ಹೊರತೆಗೆಯಬಹುದು. ಇಡೀ ಕೆಲಸಕ್ಕೆ ಅನ್ವಯವಾಗುವ ನಿಯಮವೇ ಇದು: ಕೊರೆಯುವುದು, ಕತ್ತರಿಸುವುದು, ಅಂಟಿಸುವುದು ಬೇಡ, ದಾರ ಬಿಚ್ಚಿದರೆ ಪ್ರತಿಯೊಂದು ತುಣುಕೂ ತಾನು ಬಂದ ಸ್ಥಿತಿಯಲ್ಲೇ ಕೈಗೆ ಮರಳಬೇಕು.

ಸಂಗ್ರಹಕ್ಕೆ ಕಾನೂನಿನ ಎಲ್ಲೆಗಳಿವೆ. 1972ರ ಪುರಾವಸ್ತು ಮತ್ತು ಕಲಾನಿಧಿ ಕಾಯ್ದೆಯ ಪ್ರಕಾರ ನೂರು ವರ್ಷ ಮೀರಿದ ನಾಣ್ಯ, ಕುಶಲವಸ್ತುಗಳು ಪುರಾವಸ್ತುಗಳೆನಿಸುತ್ತವೆ, ಖಾಸಗಿಯವರು ಅವನ್ನು ವಿದೇಶಕ್ಕೆ ಒಯ್ಯುವಂತಿಲ್ಲ. ಅನುಮಾನವಿದ್ದಲ್ಲಿ ವಸ್ತು ಪುರಾವಸ್ತುವಲ್ಲವೆಂಬ ಪ್ರಮಾಣಪತ್ರವನ್ನು ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯಿಂದ ಪಡೆಯಬೇಕು. ಹೊರದೇಶಗಳಲ್ಲಿ ನೆಲೆಸಿದ ಮಕ್ಕಳಿಗೆ ಅಜ್ಜಿಯ ಒಡವೆ ಕಳುಹಿಸುವ ಕುಟುಂಬಗಳು ಇದನ್ನು ತಿಳಿದಿರುವುದು ಅಗತ್ಯ. ಅದೇ ವರ್ಷದ ವನ್ಯಜೀವಿ ಸಂರಕ್ಷಣಾ ಕಾಯ್ದೆಯು ಬೆಳ್ಳಿ ಅಥವಾ ಚಿನ್ನದ ಕಟ್ಟಿನ ಹುಲಿಯುಗುರಿನ ಪದಕ ಧರಿಸುವುದನ್ನು ಅಪರಾಧವಾಗಿಸಿದೆ. 2023ರ ಅಕ್ಟೋಬರಿನಲ್ಲಿ ಕರ್ನಾಟಕದಲ್ಲಿ ಈ ಕಾರಣಕ್ಕೆ ಬಂಧನವಾದ ಮೇಲೆಯೇ ಅನೇಕರಿಗೆ ಅದರ ಅರಿವಾದದ್ದು. ಆನೆಯ ದಂತದ ಮಣಿಗಳ ಮಾರಾಟವೂ ನಿಷಿದ್ಧ.

ಧರಿಸುವ ಬೆಳ್ಳಿ ಕಪ್ಪಾಗುವುದು ಗಾಳಿಯಲ್ಲಿನ ಗಂಧಕದ ಅನಿಲಗಳೊಡನೆ ಸೇರಿ ಮೈಮೇಲೆ ಬೆಳ್ಳಿಯ ಸಲ್ಫೈಡ್ ಕೂರುವುದರಿಂದ. ಈ ಸೀಮೆಯ ಮನೆಗಳಲ್ಲಿ ದೇವರ ಬೆಳ್ಳಿ ಸಾಮಾನನ್ನು ವಿಭೂತಿಯಿಂದ ಉಜ್ಜಿ, ಅಂಟುವಾಳಕಾಯಿಯ ನೀರಿನಲ್ಲಿ ತೊಳೆಯುವ ಪದ್ಧತಿ ಬಿಡಿ ಪದಕಕ್ಕೆ ಹಿತವಾದುದು. ಪೋಣಿಸಿದ ಸರಕ್ಕೆ ಅದು ಸಲ್ಲದು, ಏಕೆಂದರೆ ಬೂದಿ ದಾರಕ್ಕಿಳಿದು ಉಜ್ಜುಗಾಗದದಂತೆ ವರ್ತಿಸುತ್ತದೆ. ಹುಣಸೆಹುಳಿ ಬೆಳ್ಳಿಯನ್ನು ಬೆಳಗಿಸಿದರೂ ಹವಳವನ್ನು ಕೆಡಿಸುತ್ತದೆ. ಕೆತ್ತನೆಯ ತಗ್ಗುಗಳಲ್ಲಿನ ಕರಿಯನ್ನು ಹಾಗೆಯೇ ಬಿಟ್ಟು ಉಬ್ಬುಗಳನ್ನು ಮಾತ್ರ ಮೆತ್ತನೆಯ ಬಟ್ಟೆಯಿಂದ ಒರೆಸಿದರೆ ಚಿತ್ರ ಸ್ಪಷ್ಟವಾಗಿ ಕಾಣುತ್ತದೆ, ಲೋಹವೂ ಸವೆಯುವುದಿಲ್ಲ. ಬೆವರು ಮತ್ತು ಬಿಸಿಲು ರೇಷ್ಮೆಯ ಬಲವನ್ನು ಕುಂದಿಸುವುದರಿಂದ, ನಿತ್ಯ ಧರಿಸುವ ಸರವನ್ನು ವರ್ಷಕ್ಕೊಮ್ಮೆಯಾದರೂ ಹೊಸ ದಾರದಲ್ಲಿ ಪೋಣಿಸಬೇಕು. ಗಂಟುಗಳ ಬಳಿ ನೂಲು ನಯ ಕಳೆದುಕೊಂಡು ಕೂದಲೆದ್ದಂತೆ ಕಾಣುವುದು ಅದರ ಸೂಚನೆ.

2025ರಲ್ಲಿ ಬೆಳ್ಳಿಯ ಬೆಲೆ ಕಿಲೋಗ್ರಾಮಿಗೆ ಒಂದು ಲಕ್ಷ ರೂಪಾಯಿಯನ್ನು ದಾಟಿದ್ದು ಈ ವಸ್ತುಗಳ ಪಾಲಿಗೆ ಕೇಡಿನ ಸುದ್ದಿ. ಕಾಲ್ಕಡಗ, ಉಡಿದಾರ, ತಾಯಿತಗಳು ತೂಕದ ಲೆಕ್ಕದಲ್ಲಿ ಅಂಗಡಿ ಸೇರಿ ಮೂಸೆಯಲ್ಲಿ ಕರಗುತ್ತಿವೆ. ಕರಗಿದ ಮೇಲೆ ಅವುಗಳ ಅಚ್ಚು, ಮಾಡಿದ ಕೈ, ಧರಿಸಿದ ಜನ ಯಾವುದರ ಗುರುತೂ ಉಳಿಯುವುದಿಲ್ಲ. ಕರಗುವುದಕ್ಕಿಂತ ಒಂದು ಕೊರಳಿನಲ್ಲಿ ಉಳಿಯುವುದು ಮೇಲು. ಅದಕ್ಕಾಗಿ ಸಂಗ್ರಾಹಕರು ತೂಕದ ಬೆಲೆಗಿಂತ ಹೆಚ್ಚು ಕೊಡಲು ಸಿದ್ಧರಿರಬೇಕು, ಕೊಟ್ಟವರಿಂದ ವಸ್ತುವಿನ ಹೆಸರು, ಬಳಕೆ, ಊರು ಮತ್ತು ಸಮುದಾಯವನ್ನು ಕೇಳಿ ಬರೆದಿಡಬೇಕು. ಸರವೊಂದಕ್ಕೆ ಒಂದು ಚೀಟಿ ಸಾಕು: ಪ್ರತಿ ತುಣುಕಿನ ಅಳತೆ, ತೂಕ, ದೊರೆತ ಸ್ಥಳ ಮತ್ತು ವರ್ಷ, ಮಾಡಿಸಿದ ದುರಸ್ತಿ, ಪೋಣಿಸಿದ ಕ್ರಮದ ಚಿತ್ರ. ಹೋಲಿಸಿ ನೋಡಬಯಸುವವರಿಗೆ ಮೈಸೂರು ವಿಶ್ವವಿದ್ಯಾನಿಲಯದ ಜಯಲಕ್ಷ್ಮೀವಿಲಾಸ ಅರಮನೆಯಲ್ಲಿರುವ ಜಾನಪದ ವಸ್ತುಸಂಗ್ರಹಾಲಯ, ಎಚ್.ಎಲ್. ನಾಗೇಗೌಡರು ರಾಮನಗರದ ಬಳಿ ಕಟ್ಟಿದ ಜಾನಪದ ಲೋಕ ಮತ್ತು ಧರ್ಮಸ್ಥಳದ ಮಂಜೂಷಾ ಸಂಗ್ರಹಾಲಯಗಳು ನಾಡಿನ ಜನಬಳಕೆಯ ಹಳೆಯ ವಸ್ತುಗಳನ್ನು ಕಾಪಾಡಿಕೊಂಡು ಬಂದಿವೆ. ಚಿಕ್ಕಬಳ್ಳಾಪುರ ಜಿಲ್ಲೆ 2007ರಲ್ಲಿ ಕೋಲಾರದಿಂದ ಬೇರ್ಪಟ್ಟು ರಚನೆಯಾದದ್ದರಿಂದ, ಹಳೆಯ ವಸ್ತುವಿನ ಜೊತೆ ಬಂದ ಪತ್ರದಲ್ಲಿ ಕೋಲಾರ ಜಿಲ್ಲೆ ಎಂದಷ್ಟೇ ಬರೆದಿದ್ದರೆ ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ತಾಲ್ಲೂಕುಗಳನ್ನೂ ಪರಿಗಣಿಸಬೇಕಾಗುತ್ತದೆ. ಚೀಟಿಯಲ್ಲಿ ತಾಲ್ಲೂಕು ಮತ್ತು ಹಳ್ಳಿಯ ಹೆಸರನ್ನು ಬರೆಯುವುದು ಅದಕ್ಕಾಗಿಯೇ ಅವಶ್ಯ.